ಆತಿಥೇಯ ಕೋಶದೊಳಗೆ ಸಾಲ್ಮೊನೆಲ್ಲಾ: ವಂಶವಾಹಿಗಳ ಅಭಿವ್ಯಕ್ತಿಯಲ್ಲಾಗುವ ಮಾರ್ಪಾಡುಗಳು

ಬ್ಯಾಕ್ಟೀರಿಯಾವು ತನ್ನಲ್ಲಿರುವ ಎಲ್ಲ ವಂಶವಾಹಿಗಳನ್ನೂ ಏಕಕಾಲದಲ್ಲಿ ಬಳಸುವುದಿಲ್ಲ. ಆಯಾ ಪರಿಸರಕ್ಕೆ ಅಗತ್ಯವಾದವು ಮಾತ್ರ ಆರ್‌ಎನ್‌ಎ ರೂಪದಲ್ಲಿ ನಕಲುಗೊಂಡು ಪ್ರೋಟೀನುಗಳ ತಯಾರಿಕೆಗೆ ಕಾರಣವಾಗುತ್ತವೆ. ಇದನ್ನೇ ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತಾರೆ. ಸೋಂಕಿನ ವೇಳೆ ಈ ಆಯ್ಕೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಮ್ ಉತ್ತಮ ನಿದರ್ಶನ.

ಕಲುಷಿತ ಆಹಾರದೊಡನೆ ಕರುಳನ್ನು ಸೇರಿದ ಈ ಬ್ಯಾಕ್ಟೀರಿಯಾ ಕಶಾಂಗಗಳ ನೆರವಿನಿಂದ ಈಜಿ ಕರುಳಿನ ಒಳಪದರವನ್ನು ತಲುಪುತ್ತದೆ. ಆಗ ಅದರ ವರ್ಣತಂತುವಿನ 'ಮೊದಲನೆಯ ರೋಗಕಾರಕ ದ್ವೀಪ'ವೆಂಬ ಭಾಗದ ವಂಶವಾಹಿಗಳು ಸಕ್ರಿಯವಾಗಿರುತ್ತವೆ. ಅವುಗಳಿಂದ ರೂಪುಗೊಂಡ ಸೂಜಿಯಂತಹ ರಚನೆಯ ಮೂಲಕ ಕೆಲವು ಪ್ರೋಟೀನುಗಳು ಕರುಳಿನ ಕೋಶವನ್ನು ಹೊಕ್ಕು, ಆ ಕೋಶವೇ ಬ್ಯಾಕ್ಟೀರಿಯಾವನ್ನು ಒಳಗೆಳೆದುಕೊಳ್ಳುವಂತೆ ಮಾಡುತ್ತವೆ.

ಒಳಪದರವನ್ನು ದಾಟಿದ ಬ್ಯಾಕ್ಟೀರಿಯಾವನ್ನು ರಕ್ಷಣಾ ವ್ಯವಸ್ಥೆಯ ಭಕ್ಷಕಕೋಶಗಳು ನುಂಗುತ್ತವೆ. ಅಲ್ಲಿ ಅದು ಪೊರೆಯಿಂದಾವೃತವಾದ ಕಿರುಚೀಲದಲ್ಲಿ ಬಂದಿಯಾಗುತ್ತದೆ. ಆಮ್ಲೀಯತೆ, ಮೆಗ್ನೀಸಿಯಂ ಕೊರತೆ ಹಾಗೂ ಸೂಕ್ಷ್ಮಜೀವಿನಾಶಕ ಪೆಪ್ಟೈಡುಗಳು ಆ ಚೀಲದ ಲಕ್ಷಣಗಳು. ಬ್ಯಾಕ್ಟೀರಿಯಾದ ಪೊರೆಯಲ್ಲಿರುವ ಫೋಕ್ಯೂ ಪ್ರೋಟೀನು ಇವನ್ನು ಗ್ರಹಿಸಿ ಫೋಪಿ ಎಂಬ ನಿಯಂತ್ರಕ ಪ್ರೋಟೀನಿಗೆ ಸಂಜ್ಞೆ ನೀಡುತ್ತದೆ. ಎರಡನೆಯ ದ್ವೀಪದ ವಂಶವಾಹಿಗಳು ಚಾಲನೆಗೊಂಡು, ಸೆರೆಮನೆಯನ್ನೇ ವಾಸಯೋಗ್ಯವಾಗಿ ಮಾರ್ಪಡಿಸುವ ಪ್ರೋಟೀನುಗಳನ್ನು ಒದಗಿಸುತ್ತವೆ. ಮೊದಲ ದ್ವೀಪ ಮತ್ತು ಕಶಾಂಗಗಳ ವಂಶವಾಹಿಗಳು ಬಹುಮಟ್ಟಿಗೆ ಸ್ತಬ್ಧವಾಗುತ್ತವೆ. ಇದೂ ಅಷ್ಟೇ ಮುಖ್ಯ. ಕಶಾಂಗದ ಪ್ರೋಟೀನನ್ನು ಗುರುತಿಸಿದ ಭಕ್ಷಕಕೋಶವು ತನ್ನನ್ನೇ ನಾಶಪಡಿಸಿಕೊಂಡು ಬ್ಯಾಕ್ಟೀರಿಯಾದ ಅಡಗುದಾಣವನ್ನು ಇಲ್ಲವಾಗಿಸಬಲ್ಲುದು.

ಈ ಮಾರ್ಪಾಡಿನ ವ್ಯಾಪ್ತಿ 2003ರಲ್ಲಿ ಸ್ಪಷ್ಟವಾಯಿತು. ಜೇ ಹಿಂಟನ್ ಮತ್ತು ಸಹೋದ್ಯೋಗಿಗಳು ಇಲಿಯ ಭಕ್ಷಕಕೋಶಗಳೊಳಗಿದ್ದ ಸಾಲ್ಮೊನೆಲ್ಲಾದ ಆರ್‌ಎನ್‌ಎಯನ್ನು ಬೇರ್ಪಡಿಸಿ ಡಿಎನ್‌ಎ ಮೈಕ್ರೋಅರೇ ವಿಧಾನದಿಂದ ಪರೀಕ್ಷಿಸಿದರು. 4451 ವಂಶವಾಹಿಗಳ ಪೈಕಿ 919ರ ಅಭಿವ್ಯಕ್ತಿ ಗಮನಾರ್ಹವಾಗಿ ಬದಲಾಗಿತ್ತು. ಅವುಗಳಲ್ಲಿ ಸುಮಾರು ಅರ್ಧದಷ್ಟರ ಕಾರ್ಯ ಆಗ ಅಜ್ಞಾತವಾಗಿತ್ತು. ಒಳಗಿನ ಬ್ಯಾಕ್ಟೀರಿಯಾ ಕಬ್ಬಿಣ ಮತ್ತು ಅಮೈನೋ ಆಮ್ಲಗಳ ಕೊರತೆಯಿಂದ ಬಳಲುತ್ತಿಲ್ಲವೆಂಬ ಅನಿರೀಕ್ಷಿತ ಅಂಶವೂ ತಿಳಿದುಬಂದಿತು.

ಇದರ ಮಹತ್ವ ಚಿಕಿತ್ಸೆಗೂ ಸಂಬಂಧಿಸಿದೆ. ಭಕ್ಷಕಕೋಶದೊಳಗೆ ಕೆಲವು ಸಾಲ್ಮೊನೆಲ್ಲಾಗಳು ವಿಭಜನೆಯನ್ನು ನಿಲ್ಲಿಸಿ ಪ್ರತಿಜೀವಕಗಳ ದಾಳಿಯಿಂದ ಪಾರಾಗುತ್ತವೆ ಎಂಬುದನ್ನು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇಂಥವು ಅನುಕೂಲ ಒದಗಿದಾಗ ಮತ್ತೆ ವೃದ್ಧಿಯಾಗಬಲ್ಲವು. ಪ್ರಯೋಗಾಲಯದ ಪೋಷಕ ದ್ರವದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಮತ್ತು ರೋಗಿಯ ಕೋಶದಲ್ಲಿ ಅಡಗಿರುವ ಬ್ಯಾಕ್ಟೀರಿಯಾಗಳ ವಂಶವಾಹಿಗಳು ಒಂದೇ ಆದರೂ ವರ್ತನೆ ಒಂದೇ ಅಲ್ಲ. ಆದ್ದರಿಂದ ಔಷಧಿಯೊಂದರ ಸಾಮರ್ಥ್ಯವನ್ನು ಮೊದಲನೆಯದರ ಮೇಲೆ ಮಾತ್ರವಲ್ಲದೆ ಎರಡನೆಯದರ ಮೇಲೂ ಪರೀಕ್ಷಿಸುವುದು ಅವಶ್ಯಕ.