ಎಲ್‌ಇಡಿ ಬಿಸಿ ಆಗಲ್ಲ ಅನ್ನೋದು ಅರ್ಧ ಸತ್ಯ: ಕೋಣೆಯಲ್ಲಿ ಸಸಿಗೆ ಹಾಕಿದ ದೀಪ ಬೇಸಿಗೆಯಲ್ಲಿ ಸುಡದಂತೆ ನೋಡಿಕೊಳ್ಳೋದು ಹೇಗೆ?

ಚಿಕ್ಕೋಡಿ: ಮನೆಯ ಹಿಂದಿನ ಕೋಣೆ, ಅಂಗಡಿ ಮೇಲಿನ ಅಟ್ಟ, ಗೋದಾಮಿನ ಒಂದು ಮೂಲೆ. ಅಲ್ಲೊಂದು ರ‍್ಯಾಕ್ ನಿಲ್ಲಿಸಿ, ಮೇಲೆ ಎಲ್‌ಇಡಿ ಗ್ರೋ ಲೈಟ್ ಕಟ್ಟಿದರೆ ಕೊತ್ತಂಬರಿ, ಪಾಲಕ್ ಬರುತ್ತದೆ. ಟ್ರೇಯಲ್ಲಿ ಮೆಣಸಿನಕಾಯಿ, ಟೊಮ್ಯಾಟೊ ಸಸಿಯೂ ಏಳುತ್ತದೆ. ದೀಪಾವಳಿ ಹೊತ್ತಿಗೆ ಹಾಕಿದರೆ ಎಲ್ಲ ಚಲೋ ನಡೆಯುತ್ತದೆ. ಯುಗಾದಿ ದಾಟಿದ ಮೇಲೆ ಪೇಚಾಟ ಶುರು. ದೀಪ ಮಿಣುಕುತ್ತದೆ, ಬೆಳಕು ಮಂಕಾಗುತ್ತದೆ, ಎಲೆ ಅಂಚು ಮೇಲಕ್ಕೆ ಮುದುಡುತ್ತದೆ. ‘ಮಾಲು ಸರಿ ಇಲ್ಲ’ ಅಂತ ದೀಪ ಬದಲಿಸಿದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ. ಅನೇಕ ಸಲ ತಪ್ಪು ದೀಪದ್ದಲ್ಲ, ಅದನ್ನು ಕಟ್ಟಿದ ಜಾಗದ್ದು.

ಬಿಸಿ ಇರೋದು ಬೆನ್ನಿನಲ್ಲಿ

‘ಎಲ್‌ಇಡಿ ತಣ್ಣಗಿರ್ತದ’ ಅನ್ನೋ ಮಾತು ಬಂದದ್ದು ಹಳೆಯ ಬಲ್ಬಿನ ಹೋಲಿಕೆಯಿಂದ. ಹಳೆಯ ಗಾಜಿನ ಬಲ್ಬು ಬೆಳಕಿನ ಜೊತೆಗೇ ಕಾವನ್ನೂ ಮುಂದಕ್ಕೆ ಚೆಲ್ಲುತ್ತಿತ್ತು. ಕೈ ಒಡ್ಡಿದರೆ ಗೊತ್ತಾಗುತ್ತಿತ್ತು. ಎಲ್‌ಇಡಿಯಲ್ಲಿ ಮುಂದೆ ಬರೋದು ಬಹುಪಾಲು ಬೆಳಕು ಮಾತ್ರ. ಒಳ್ಳೆಯ ದೀಪದಲ್ಲೂ ಸುಮಾರು ಅರ್ಧದಷ್ಟು ಕರೆಂಟ್ ಮಾತ್ರ ಬೆಳಕಾಗುತ್ತದೆ. ಉಳಿದದ್ದು ಬಿಸಿಯಾಗಿ ದೀಪದ ಬೆನ್ನಿಗೆ, ಅಂದರೆ ಹಿಂಬದಿಯ ಅಲ್ಯೂಮಿನಿಯಂ ಪಟ್ಟಿಗೆ ಹೋಗುತ್ತದೆ. ಅಗ್ಗದ ದೀಪದಲ್ಲಿ ಬಿಸಿಯ ಪಾಲು ಇನ್ನೂ ಜಾಸ್ತಿ.

ಆ ಅಲ್ಯೂಮಿನಿಯಂ ಬಿಸಿಯನ್ನು ಗಾಳಿಗೆ ಬಿಡಬೇಕು. ಗಾಳಿ ಆಡದಿದ್ದರೆ ಬಿಸಿ ಅಲ್ಲೇ ನಿಲ್ಲುತ್ತದೆ. ಆಗ ಬೆಳಕು ಕಡಿಮೆಯಾಗುತ್ತದೆ, ಚಿಪ್ಪಿನ ಆಯುಷ್ಯವೂ ಕುಗ್ಗುತ್ತದೆ. ಅದಕ್ಕಿಂತ ಮೊದಲು ಸಾಯೋದು ಡ್ರೈವರ್, ಅಂದರೆ ದೀಪಕ್ಕೆ ತಕ್ಕಂತೆ ಕರೆಂಟ್ ಇಳಿಸಿಕೊಡುವ ಡಬ್ಬಿ. ಅದರೊಳಗಿನ ಕೆಪ್ಯಾಸಿಟರ್‌ಗೆ ಬಿಸಿ 10 ಡಿಗ್ರಿ ಏರಿದಂತೆಲ್ಲ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಎಲೆಕ್ಟ್ರಾನಿಕ್ಸ್ ಕೆಲಸದವರ ರೂಢಿಯ ಲೆಕ್ಕ.

ಹೊಲಕ್ಕೂ ಕೋಣೆಗೂ ಫರಕು

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲುಸಾಲಾಗಿ ಎಲ್‌ಇಡಿ ಬಲ್ಬು ಉರಿಸುತ್ತಾರೆ. ಉದ್ದ ರಾತ್ರಿ ಸಿಕ್ಕರೆ ಸೇವಂತಿಗೆ ಬೇಗ ಮೊಗ್ಗು ಕಟ್ಟುತ್ತದೆ. ಬೆಳಕು ಕೊಟ್ಟು ಅದನ್ನು ತಡೆದರೆ ಗಿಡ ಎತ್ತರಕ್ಕೆ ಬೆಳೆಯುತ್ತದೆ. ಅಲ್ಲಿ ಬಲ್ಬು ಬಿಸಿಯಾಗೋ ಚಿಂತೆ ಅಷ್ಟಿಲ್ಲ. ಬಯಲ ಗಾಳಿ ಇದೆ, ರಾತ್ರಿಯ ತಂಪಿದೆ.

ಅದೇ ದೀಪ ಅಥಣಿಯಲ್ಲೋ ಕಾಗವಾಡದಲ್ಲೋ ತಗಡಿನ ಕೆಳಗೆ ಕಟ್ಟಿದರೆ ಲೆಕ್ಕ ಬೇರೆ. ಏಪ್ರಿಲ್-ಮೇ ಮಧ್ಯಾಹ್ನ ಹೊರಗೇ 40 ಡಿಗ್ರಿ ಆಸುಪಾಸು ಇದ್ದಾಗ, ತಗಡಿನ ಕೆಳಗಿನ ಗಾಳಿ ಅದಕ್ಕಿಂತ ಬಿಸಿ ಇರುತ್ತದೆ. ಬಹಳಷ್ಟು ದೀಪಗಳ ಚೀಟಿಯ ಮೇಲೆ ‘ಟಿಎ’ ಅಂತ ಒಂದು ಅಂಕಿ ಇರುತ್ತದೆ. ಸುತ್ತಲಿನ ಗಾಳಿ ಎಷ್ಟು ಡಿಗ್ರಿವರೆಗೆ ಇರಬಹುದು ಅನ್ನೋದನ್ನು ಅದು ಹೇಳುತ್ತದೆ. ಅಲ್ಲಿ 40 ಅಂತ ಬರೆದಿದ್ದರೆ ತಗಡಿನ ಕೋಣೆಯ ಮಧ್ಯಾಹ್ನಕ್ಕೆ ಆ ದೀಪ ತಕ್ಕದ್ದಲ್ಲ.

ಇನ್ನೊಂದು ಲೆಕ್ಕ. 100 ವ್ಯಾಟಿನ 3 ದೀಪ ಅಂದರೆ 300 ವ್ಯಾಟ್. ಬೆಳಕಾಗಿ ಹೋದದ್ದೂ ಎಲೆಗೆ, ಗೋಡೆಗೆ ಬಿದ್ದು ಹೆಚ್ಚುಕಡಿಮೆ ಎಲ್ಲ ಕೊನೆಗೆ ಬಿಸಿಯೇ ಆಗುತ್ತದೆ. ಸಾದಾ ಇಸ್ತ್ರಿ ಪೆಟ್ಟಿಗೆ 1,000 ವ್ಯಾಟ್. ಅಂದರೆ ಮುಚ್ಚಿದ ಕೋಣೆಯಲ್ಲಿ ಅದರ ಮೂರರಲ್ಲೊಂದು ಪಾಲು ಕಾವು ದಿನಾ 14 ತಾಸು ತುಂಬಿದ ಹಾಗೆ. ಕರೆಂಟ್ ದಿನಕ್ಕೆ 4.2 ಯೂನಿಟ್.

ಗಡಿಯಾರ ತಿರುಗಿಸಿ

ಖರ್ಚಿಲ್ಲದ, ಎಲ್ಲಕ್ಕಿಂತ ಹೆಚ್ಚು ಉಪಯೋಗದ ಉಪಾಯ ಹೊತ್ತು ಬದಲಿಸೋದು. ಬಿಸಿಲು ಬೀಳದ ಕೋಣೆಯಲ್ಲಿರುವ ಗಿಡಕ್ಕೆ ಹಗಲು ಯಾವುದು, ರಾತ್ರಿ ಯಾವುದು ಅಂತ ಹೇಳೋದು ದೀಪವೇ. ಹಾಗಾಗಿ ರಾತ್ರಿ 8ಕ್ಕೆ ಹಚ್ಚಿ ಬೆಳಗ್ಗೆ 10ಕ್ಕೆ ಆರಿಸಿದರೆ ಗಿಡಕ್ಕೆ ಸಿಗಬೇಕಾದ 14 ತಾಸು ಸಿಗುತ್ತದೆ. ದೀಪಕ್ಕೆ ಸುಡುವ ಮಧ್ಯಾಹ್ನ ರಜೆ. ಪ್ಲಗ್‌ಗೆ ಹಾಕುವ ಟೈಮರ್ ಒಂದಿದ್ದರೆ ಎದ್ದು ಸ್ವಿಚ್ ಒತ್ತಬೇಕಿಲ್ಲ.

ಒಂದು ಮಾತು ನೆನಪಿರಲಿ. ಕಿಟಕಿಯಿಂದ ಹಗಲು ಬೆಳಕು ಬರುತ್ತಿದ್ದರೆ ಗಿಡಕ್ಕೆ ಕತ್ತಲೆಯೇ ಸಿಗೋದಿಲ್ಲ. ಬೆಳಕಿನ ತಾಸು ಬಹಳವಾದರೆ, ಮೇಲಿಂದ ಸೆಖೆಯೂ ಸೇರಿದರೆ ಕೊತ್ತಂಬರಿ, ಪಾಲಕ್ ಎಲೆ ಬಿಡೋದು ಬಿಟ್ಟು ಹೂವಿಗೆ ಹೋಗುತ್ತವೆ. ಕಿಟಕಿಗೆ ದಪ್ಪ ಪರದೆ ಹಾಕಿ, ಗಾಳಿಗೆ ಮಾತ್ರ ಕೆಳಗೆ ಜಾಗ ಬಿಡಬೇಕು.

ಡ್ರೈವರ್ ಕೋಣೆಯ ಹೊರಗೆ

ಬಾಳೆ ಸಸಿ ತಯಾರಿಸುವ ಟಿಶ್ಯೂ ಕಲ್ಚರ್ ಲ್ಯಾಬುಗಳಲ್ಲಿ ಹಳೆಯ ಪದ್ಧತಿ ಒಂದಿದೆ. ಕೋಣೆಯನ್ನು 25 ಡಿಗ್ರಿ ಆಸುಪಾಸಿನಲ್ಲಿ ಇಡಬೇಕಾದ್ದರಿಂದ, ಟ್ಯೂಬ್‌ಲೈಟುಗಳನ್ನು ಒಳಗೆ ಹಾಕಿ ಅವುಗಳ ಚೋಕ್‌ಗಳನ್ನು ಹೊರಗೆ ಇಡುತ್ತಿದ್ದರು. ಬಿಸಿ ಮಾಡುವ ವಸ್ತು ಹೊರಗೆ, ಬೆಳಕು ಕೊಡೋದು ಒಳಗೆ. ಎಲ್‌ಇಡಿಯಲ್ಲೂ ಡ್ರೈವರ್ ಬಿಚ್ಚಿಡಬಹುದಾದ ದೀಪವಾದರೆ ಇದೇ ಉಪಾಯ ನಡೆಯುತ್ತದೆ. ಡ್ರೈವರನ್ನು ಗೋಡೆಯಾಚೆ, ನೆರಳಿನಲ್ಲಿ, ನೀರು ಸಿಡಿಯದ ಕಡೆ ಕೂಡಿಸಬೇಕು. ವೈರಿನ ಉದ್ದ, ದಪ್ಪ ಎಷ್ಟಿರಬೇಕು ಅಂತ ವೈರ್‌ಮನ್‌ಗೆ ಕೇಳಿಯೇ ಮಾಡಿಸಬೇಕು. ಚಿಪ್ಪೂ ಡ್ರೈವರೂ ಒಂದೇ ತಗಡಿನ ಮೇಲಿರುವ ‘ಡಿಒಬಿ’ ದೀಪದಲ್ಲಿ ಈ ಅನುಕೂಲ ಇಲ್ಲ. ಖರೀದಿಸುವಾಗಲೇ ಕೇಳಿ ತಿಳಿದುಕೊಳ್ಳೋದು ಒಳ್ಳೇದು.

ಗಾಳಿಗೆ ದಾರಿ

ಅಥಣಿ ಭಾಗದ ಒಣದ್ರಾಕ್ಷಿ ಶೆಡ್ಡುಗಳನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೇಲೆ ನೆರಳು, ಪಕ್ಕದಲ್ಲಿ ಗಾಳಿ. ದೀಪಕ್ಕೂ ಅಷ್ಟೇ ಬೇಕು.

• ದೀಪವನ್ನು ಮೇಲಿನ ಹಲಗೆಗೆ ಒತ್ತಿ ಸ್ಕ್ರೂ ಹೊಡೆಯಬಾರದು. ಸರಪಳಿಯಿಂದ ನೇತುಹಾಕಿ, ಬೆನ್ನಿನ ಮೇಲೆ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ ಬಿಡಬೇಕು.
• ಸೀಲಿಂಗ್ ಫ್ಯಾನ್ ಬಿಸಿ ಗಾಳಿಯನ್ನು ಕೋಣೆಯಲ್ಲೇ ತಿರುಗಿಸುತ್ತದೆ, ಹೊರಗೆ ಹಾಕೋದಿಲ್ಲ. ಒಂದು ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್, ಎದುರು ಗೋಡೆಯ ಕೆಳಗೆ ಗಾಳಿ ಬರುವ ಕಿಂಡಿ ಇರಬೇಕು.
• ದೀಪದ ಬೆನ್ನಿಗೆ ಅಡ್ಡಲಾಗಿ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ ಬಿಸಿ ಬೇಗ ಇಳಿಯುತ್ತದೆ.
• ಮುಚ್ಚಿದ ಕೋಣೆಯಲ್ಲಿ ನೀರಿನ ಕೂಲರ್ ಬೇಡ. ತೇವ ಏರಿ ಎಲೆಗೆ ಬೂಸ್ಟು, ವೈರಿನ ಜೋಡಣೆಗೆ ತುಕ್ಕು ಹಿಡಿಯುತ್ತದೆ.
• ಧೂಳು ಕುಳಿತರೆ ಬಿಸಿ ಹೊರಗೆ ಹೋಗೋದಿಲ್ಲ. ನಿಪ್ಪಾಣಿಯ ತಂಬಾಕು ಗೋದಾಮು, ರಾಯಬಾಗದ ರಸ್ತೆ ಬದಿ ಅಂಗಡಿಯಂಥ ಜಾಗವಾದರೆ 15 ದಿನಕ್ಕೊಮ್ಮೆ ಕರೆಂಟ್ ತೆಗೆದು ಒಣ ಬ್ರಶ್‌ನಿಂದ ಒರೆಸಬೇಕು.
• ಬೆಳಕು ಏರಿಳಿಸುವ ಗುಂಡಿ ಇದ್ದರೆ ಬೇಸಿಗೆಯಲ್ಲಿ ಮುಕ್ಕಾಲಿಗೆ ಇಳಿಸಬಹುದು. ಬಿಸಿಯೂ ಬಿಲ್ಲೂ ಎರಡೂ ಇಳಿಯುತ್ತವೆ.

ಬೆಂಕಿಯ ಮಾತು

ರಾತ್ರಿ ದೀಪ ಉರಿಸಿ ಮನೆಮಂದಿ ಮಲಗುತ್ತಾರೆ, ಅಂಗಡಿಗೆ ಬೀಗ ಬಿದ್ದಿರುತ್ತದೆ. ಹಾಗಾಗಿ ವೈರಿಂಗ್ ಗಟ್ಟಿ ಇರಲೇಬೇಕು. ಸಡಿಲ ಪ್ಲಗ್, ಒಂದಕ್ಕೊಂದು ಸಿಕ್ಕಿಸಿದ ಎಕ್ಸ್‌ಟೆನ್ಶನ್ ಬೋರ್ಡ್, ಟೇಪು ಸುತ್ತಿದ ಜೋಡಣೆ, ಇವು ದೀಪಕ್ಕಿಂತ ಹೆಚ್ಚು ಅಪಾಯ. ಐಎಸ್‌ಐ ಗುರುತಿನ ವೈರ್, ಸರಿಯಾದ ಎಂಸಿಬಿ, ನೀರು ಹಾಕುವ ಜಾಗವಾದ್ದರಿಂದ ಶಾಕ್ ತಡೆಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಮತ್ತು ಅರ್ಥಿಂಗ್ ಬೇಕು. ರಟ್ಟಿನ ಡಬ್ಬಿ, ಗೋಣಿಚೀಲ, ತಂಬಾಕು, ಥರ್ಮಾಕೋಲ್ ದೀಪದ ಹತ್ತಿರ ಇರಬಾರದು. ಇವೆಲ್ಲ ಸರಿಯಾಗುವವರೆಗೆ ಯಾರೂ ಇಲ್ಲದ ಜಾಗದಲ್ಲಿ ರಾತ್ರಿ ದೀಪ ಉರಿಸಬಾರದು.

ಇವತ್ತೇ ನೋಡಬಹುದಾದದ್ದು

ದೀಪವನ್ನು 2 ತಾಸು ಉರಿಸಿ, ಆರಿಸಿ, ಪ್ಲಗ್ ತೆಗೆಯಿರಿ. ಅಂಗೈ ಹಿಂಬದಿಯನ್ನು ಮೊದಲು ದೀಪದ ಬೆನ್ನಿನ ಹತ್ತಿರ ಹಿಡಿದು ನೋಡಿ, ಆಮೇಲೆ ಮುಟ್ಟಿ. ಐದು ಎಣಿಸುವಷ್ಟು ಹೊತ್ತು ಕೈ ಇಡಲಾಗದಿದ್ದರೆ ಬಿಸಿ ಹೆಚ್ಚಾಗಿದೆ ಅಂತಲೇ ತಿಳಿಯಬೇಕು. ಕೊರೊನಾ ಕಾಲದ ಹಣೆ ನೋಡುವ ಗನ್ ಇದಕ್ಕೆ ಬರೋದಿಲ್ಲ. ಅದು ಮೈ ಜ್ವರದ ಅಂಕಿಯವರೆಗೆ ಮಾತ್ರ ತೋರಿಸುತ್ತದೆ. ಪ್ಲಗ್ ಬಣ್ಣ ಕಂದಾಗಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ ಮತ್ತೆ ಹಚ್ಚದೆ ವೈರ್‌ಮನ್‌ನನ್ನು ಕರೆಸಿ. ಹೊಸ ದೀಪದ ಮಾತು ಆಮೇಲೆ.