ದೈತ್ಯ ಯಂತ್ರ ಏನಾಯಿತು?

ಕೊಡ ತೂತು ಬಿದ್ದರೆ ಏನು ಮಾಡ್ತೀವಿ? ಗುಜರಿಯವನಿಗೆ ಹಾಕುತ್ತೇವೆ. ಅವನು ತೂಕ ಮಾಡಿ ನಾಲ್ಕು ಕಾಸು ಕೊಡುತ್ತಾನೆ. ಗೋಪುರದಷ್ಟು ಎತ್ತರದ ಯಂತ್ರ ಕೆಲಸಕ್ಕೆ ಬಾರದೆ ಹೋದರೆ ಏನು ಮಾಡೋದು?

ಅಮೆರಿಕ ದೇಶದಲ್ಲಿ ಒಹಾಯೊ ಎಂಬ ರಾಜ್ಯವಿದೆ. ಅಲ್ಲಿ ನೆಲದ ಅಡಿಯಲ್ಲಿ ಕಲ್ಲಿದ್ದಲು ಇದೆ. ಇದ್ದಲಿನ ಮೇಲೆ ಮಣ್ಣು, ಬಂಡೆ. ಅದನ್ನು ತೆಗೆಯಲು 1969ರಲ್ಲಿ ಒಂದು ಯಂತ್ರ ನಿಲ್ಲಿಸಿದರು. ಅದರ ಹೆಸರು ಬಿಗ್ ಮಸ್ಕಿ. ಎತ್ತರ ಸುಮಾರು 220 ಅಡಿ. ನಮ್ಮ ಮುರುಡೇಶ್ವರದ ಗೋಪುರಕ್ಕಿಂತ ತುಸು ಕಡಿಮೆ, ಅಷ್ಟೆ. ತೂಕ ಸುಮಾರು 12 ಸಾವಿರ ಟನ್.

ನಾವು ಕೆರೆ ಹೂಳು ಎತ್ತುವಾಗ ಬುಟ್ಟಿಯಲ್ಲಿ ಮಣ್ಣು ಹೊರುತ್ತೇವಲ್ಲ, ಇದಕ್ಕೂ ಒಂದು ಬುಟ್ಟಿ ಇತ್ತು. ಉಕ್ಕಿನ ಬುಟ್ಟಿ. ಅದರೊಳಗೆ ಎರಡು ಬಸ್ಸು ಪಕ್ಕಪಕ್ಕ ನಿಲ್ಲಿಸಬಹುದಿತ್ತು! ಒಂದು ಸಲ ಬಾಚಿದರೆ ಸುಮಾರು 290 ಟನ್ ಮಣ್ಣು. 10 ಟನ್ನಿನ ಲಾರಿಯಾದರೆ 29 ಲಾರಿ ಬೇಕು. ಯಂತ್ರಕ್ಕೆ ಚಕ್ರ ಇರಲಿಲ್ಲ. ದೊಡ್ಡ ಪಾದಗಳಿದ್ದವು. ಹೆಜ್ಜೆ ಹೆಜ್ಜೆ ಇಟ್ಟು ನಿಧಾನವಾಗಿ ನಡೆಯುತ್ತಿತ್ತು. ಕರೆಂಟಿನಿಂದ ಓಡುತ್ತಿತ್ತು. ಅದು ತಿನ್ನುತ್ತಿದ್ದ ಕರೆಂಟು ಒಂದು ಪಟ್ಟಣಕ್ಕೆ ಸಾಕಾಗುತ್ತಿತ್ತು.

ಅಲ್ಲಿನ ಇದ್ದಲಿನಲ್ಲಿ ಗಂಧಕ ಹೆಚ್ಚು. ಸುಟ್ಟರೆ ಕೆಟ್ಟ ಹೊಗೆ. 1990ರಲ್ಲಿ ಗಾಳಿ ಕೆಡಿಸಬಾರದೆಂಬ ಕಾನೂನು ಬಿಗಿಯಾಯಿತು. ಅಂಥ ಇದ್ದಲು ಕೇಳುವವರು ಕಡಿಮೆಯಾದರು. 1991ರಲ್ಲಿ ಯಂತ್ರ ನಿಂತಿತು.

ಎಂಟು ವರ್ಷ ಹಾಗೇ ನಿಂತಿತ್ತು. ಅದನ್ನು ಉಳಿಸಿ ಅಂತ ಅಲ್ಲಿನ ಜನ ಕೇಳಿಕೊಂಡರು. ಉಳಿಸಲು ಆಗದ ಮಾತೇನಲ್ಲ. ಜರ್ಮನಿ ದೇಶದಲ್ಲಿ ಇಂಥ 5 ಗಣಿ ಯಂತ್ರಗಳನ್ನು ಉಳಿಸಿದ್ದಾರೆ. ಆ ಜಾಗದ ಹೆಸರು ಫೆರೋಪೊಲಿಸ್. ಅಂದರೆ ಕಬ್ಬಿಣದ ಊರು. ಗಣಿಯ ಗುಂಡಿ ಈಗ ಕೆರೆ. ಕೆರೆ ದಂಡೆಯಲ್ಲಿ, ಯಂತ್ರಗಳ ನಡುವೆ ಸಂಗೀತ ಕಚೇರಿ ನಡೆಯುತ್ತದೆ.

ಒಹಾಯೊದಲ್ಲಿ ಹಾಗಾಗಲಿಲ್ಲ. ಅಗೆದವರೇ ನೆಲ ಸರಿಮಾಡಬೇಕು, ಹಸಿರು ಬೆಳೆಸಬೇಕು, ಯಂತ್ರ ತೆಗೆಯಬೇಕು. ಇದು ಅಲ್ಲಿನ ಕಾನೂನು. ಜನ ಕೇಳಿದ್ದು ತಪ್ಪಲ್ಲ. ಆದರೂ ನಮಗೆ ಈ ಕಾನೂನೇ ಹೆಚ್ಚು ಹಿಡಿಸಿತು. ಗುಂಡಿ ತೋಡಿ ಹಾಗೇ ಬಿಟ್ಟು ಹೋದರೆ ಕಷ್ಟ ಪಡುವವರು ಯಾರು? ದನ ಮೇಯಿಸುವವರು, ನೀರು ತರುವವರು.

1999ರ ಮೇ ತಿಂಗಳಲ್ಲಿ ಸಿಡಿಮದ್ದು ಇಟ್ಟು ಅದರ ಉದ್ದನೆಯ ತೋಳನ್ನು ಬೀಳಿಸಿದರು. ಆಮೇಲೆ ತುಂಡು ತುಂಡು ಮಾಡಿ ಗುಜರಿಗೆ ಹಾಕಿದರು. ನಮ್ಮ ತೂತು ಕೊಡದ ಹಾಗೇ! ಅಗೆದ ನೆಲದಲ್ಲಿ ಈಗ ಹುಲ್ಲು, ಮರ, ಕೆರೆಗಳಿವೆ. ಒಂದು ಭಾಗದಲ್ಲಿ ಘೇಂಡಾಮೃಗ, ಜಿರಾಫೆ ಸಾಕಿದ್ದಾರೆ.

ಬುಟ್ಟಿಯನ್ನು ಮಾತ್ರ ಕರಗಿಸಲಿಲ್ಲ. ಗಣಿ ಕೆಲಸಗಾರರ ನೆನಪಿಗೆ ಮಾಡಿದ ಉದ್ಯಾನದಲ್ಲಿ ಇಟ್ಟಿದ್ದಾರೆ. ನೋಡಲು ಬಂದವರು ಅದರೊಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.