ಮಧ್ಯಕಾಲೀನ ಕರ್ನಾಟಕದ ವೀರಗಲ್ಲು ಮತ್ತು ಶಾಸನಗಳಲ್ಲಿ ಕಾಲದ ನಿರೂಪಣೆ

ಮಧ್ಯಕಾಲೀನ ಕರ್ನಾಟಕದ ಶಿಲ್ಪಿಗಳು ಕಾಲವೆಂಬ ಅಮೂರ್ತ ಕಲ್ಪನೆಯನ್ನು ಮುಖ್ಯವಾಗಿ ವೀರಗಲ್ಲು, ಮಾಸ್ತಿಗಲ್ಲು ಹಾಗೂ ದಾನಶಾಸನಗಳಲ್ಲಿ ಮೂರ್ತಗೊಳಿಸಿದ್ದಾರೆ. ಘಟನೆಯ ಕ್ರಮ, ಪಂಚಾಂಗದ ದಿನ ಮತ್ತು ಕೊನೆಯಿಲ್ಲದ ಕಾಲ ಈ ಮೂರೂ ಒಂದೇ ಕಲ್ಲಿನಲ್ಲಿ ಸೇರಬಹುದಾದುದು ಈ ಕಲೆಯ ವೈಶಿಷ್ಟ್ಯ. ಬೆಳಗಾವಿ ಜಿಲ್ಲೆಯ ಸವದತ್ತಿ, ಬೈಲಹೊಂಗಲ ಮತ್ತು ಕಿತ್ತೂರು ಪರಿಸರದ ಶಾಸನಗಳು ಕಾಲಗಣನೆಯ ಅಧ್ಯಯನಕ್ಕೆ ಉತ್ತಮ ಆಕರಗಳಾಗಿವೆ.

ಹಂತಗಳಲ್ಲಿ ಕಾಲ

ವೀರಗಲ್ಲನ್ನು ಪುಸ್ತಕದ ಪುಟದಂತೆ ಮೇಲಿನಿಂದ ಓದಿದರೆ ಕಥೆ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ ಇದರಲ್ಲಿ ಮೂರು ಹಂತಗಳಿದ್ದು, ಅವುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಹಂತದಲ್ಲಿ ತುರುಗಳ ರಕ್ಷಣೆಗಾಗಿಯೋ ಊರಿನ ಉಳಿವಿಗಾಗಿಯೋ ನಡೆದ ಕಾಳಗ. ನಡುವೆ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ. ಮೇಲೆ ಶಿವಲಿಂಗದ ಅಥವಾ ತನ್ನ ಇಷ್ಟದೈವದ ಸನ್ನಿಧಿಯಲ್ಲಿ ಕುಳಿತ ವೀರ. ಒಬ್ಬನೇ ವ್ಯಕ್ತಿ ಮೂರು ಬಾರಿ ಕಾಣಿಸಿಕೊಳ್ಳುತ್ತಾನೆ. ಹೀಗೆ ಕಣ್ಣು ಮೇಲೇರಿದಂತೆ ಕಾಲವೂ ಮುಂದೆ ಸಾಗುತ್ತದೆ.

ಎಲ್ಲ ಸ್ಮಾರಕಶಿಲೆಗಳೂ ಹೀಗಿರುವುದಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ (ಶಕವರ್ಷ 872, ಕ್ರಿ.ಶ. 949–50) ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡುವ ಒಂದೇ ಗಳಿಗೆಯನ್ನು ಕಂಡರಿಸಲಾಗಿದೆ. ಉಳಿದ ಸಂಗತಿಗಳನ್ನು ಅಕ್ಷರಗಳು ತಿಳಿಸುತ್ತವೆ.

ಸೂರ್ಯ ಮತ್ತು ಚಂದ್ರ

ವೀರಗಲ್ಲು ಹಾಗೂ ದಾನಶಾಸನಗಳ ನೆತ್ತಿಯ ಮೇಲೆ ಸೂರ್ಯ-ಚಂದ್ರರ ಬಿಂಬಗಳಿರುವುದು ವಾಡಿಕೆ. ಇವು ಹಗಲು-ರಾತ್ರಿಗಳ ಸೂಚನೆಯಲ್ಲ. ಸೂರ್ಯಚಂದ್ರರು ಇರುವವರೆಗೂ ವೀರನ ಕೀರ್ತಿ ಅಥವಾ ಕೊಟ್ಟ ದಾನ ಉಳಿಯಲಿ ಎಂಬುದು ಇದರ ಅರ್ಥ. ಶಾಸನಗಳ ‘ಆಚಂದ್ರಾರ್ಕ’ ಎಂಬ ಮಾತನ್ನೇ ಶಿಲ್ಪಿಯು ಓದಲು ಬಾರದವರಿಗೂ ತಿಳಿಯುವಂತೆ ಚಿತ್ರವಾಗಿಸಿದ್ದಾನೆ.

ಶಾಸನಗಳ ಕಾಲಗಣನೆ

ಸವದತ್ತಿಯು ರಟ್ಟರ ಆಳ್ವಿಕೆಯಲ್ಲಿ ಸುಗಂಧವರ್ತಿ ಎಂದು ಪ್ರಸಿದ್ಧವಾಗಿತ್ತು. ಇಲ್ಲಿನ ಶಾಂತಿವರ್ಮನ ಶಾಸನವು ಶಕವರ್ಷ 902ರ ವಿಕ್ರಮ ಸಂವತ್ಸರಕ್ಕೆ, ಅಂದರೆ ಕ್ರಿ.ಶ. 980ಕ್ಕೆ ಸೇರಿದೆ. ಬೈಲಹೊಂಗಲಕ್ಕೆ ಸಮೀಪದ ಸೊಗಲದ, ಚಾಲುಕ್ಯ ಎರಡನೆಯ ತೈಲಪನ ಕಾಲದ ಶಾಸನವೂ ಅದೇ ಶಕವರ್ಷದ್ದು. ಕಿತ್ತೂರಿನ ಬಳಿಯ ದೇಗಾವಿಯಲ್ಲಿ ಗೋವೆಯ ಕದಂಬರ ಪೆರ್ಮಾಡಿ ಶಿವಚಿತ್ತನ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ದೇವಾಲಯವಿದೆ. ಅಲ್ಲಿನ ಶಾಸನವು ಕಲಿಯುಗದ 4275ನೆಯ ವರ್ಷವನ್ನು ಹೇಳುತ್ತದೆ, ಅದು ಕ್ರಿ.ಶ. 1174ಕ್ಕೆ ಸಮನಾಗುತ್ತದೆ.

ಇಲ್ಲಿ ಎರಡು ಬಗೆಯ ಎಣಿಕೆಗಳಿವೆ. ಶಕವರ್ಷ ಮತ್ತು ಕಲಿವರ್ಷಗಳು ಹಿಂದಿರುಗದೆ ಬೆಳೆಯುತ್ತಾ ಹೋಗುತ್ತವೆ. ಸಂವತ್ಸರದ ಹೆಸರಾದರೋ 60 ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. 980ರಲ್ಲಿದ್ದ ವಿಕ್ರಮ ಸಂವತ್ಸರವು ಹದಿನೇಳು ಆವರ್ತಗಳ ಬಳಿಕ 2000ದ ಯುಗಾದಿಯಂದು ಮತ್ತೆ ಆರಂಭವಾಯಿತು. ಆದ್ದರಿಂದ ಸಂವತ್ಸರವೊಂದನ್ನೇ ಹೇಳುವ ಕಲ್ಲಿನ ಕಾಲವನ್ನು ನಿರ್ಣಯಿಸಲು ಅರಸನ ಹೆಸರು, ಲಿಪಿಯ ಸ್ವರೂಪ ಮುಂತಾದ ಬೇರೆ ಆಧಾರಗಳು ಬೇಕಾಗುತ್ತವೆ.

ಯುರೋಪಿನ ಕಲೆಯೊಡನೆ ಹೋಲಿಕೆ

ಒಬ್ಬ ವ್ಯಕ್ತಿಯನ್ನು ಬೇರೆ ಬೇರೆ ಗಳಿಗೆಗಳಲ್ಲಿ ಒಂದೇ ಕೃತಿಯಲ್ಲಿ ತೋರಿಸುವ ಕ್ರಮ ಯುರೋಪಿನಲ್ಲಿಯೂ ಇತ್ತು. ಫ್ಲಾರೆನ್ಸಿನ ಬ್ರಾಂಕಾಚಿ ಪ್ರಾರ್ಥನಾಲಯದಲ್ಲಿ ಮಸಾಚ್ಚೊ 1420ರ ದಶಕದಲ್ಲಿ ರಚಿಸಿದ ಕಪ್ಪಕಾಣಿಕೆಯ ಭಿತ್ತಿಚಿತ್ರದಲ್ಲಿ ಸಂತ ಪೀಟರ್ ಮೂರು ಬಾರಿ ಕಾಣುತ್ತಾನೆ. ಆದರೆ ಅಲ್ಲಿ ಹಂತಗಳ ವಿಭಜನೆಯಿಲ್ಲ. ಮೂರೂ ಸಂದರ್ಭಗಳು ಒಂದೇ ಭೂದೃಶ್ಯದಲ್ಲಿವೆ. ಸಿಯೆನಾ ನಗರದಲ್ಲಿ ಅಂಬ್ರೋಜೊ ಲೊರೆಂಜೆಟ್ಟಿ 1338ರ ಸುಮಾರಿಗೆ ಬರೆದ ಭಿತ್ತಿಚಿತ್ರದಲ್ಲಿ ಸಂಯಮದ ಪ್ರತೀಕವಾದ ಸ್ತ್ರೀಯು ಮರಳುಗಡಿಯಾರವನ್ನು ಹಿಡಿದಿದ್ದಾಳೆ. ಅಲ್ಲಿ ಕಾಲವು ಅಳೆದು ಬಳಸಬೇಕಾದ ವಸ್ತು. ವೀರಗಲ್ಲಿನ ಸೂರ್ಯಚಂದ್ರರಲ್ಲಿ ಅದು ಅಳತೆಗೆ ನಿಲುಕದ್ದು.

ಸಂರಕ್ಷಣೆ

ಹಳ್ಳಿಗಳಲ್ಲಿ ಅನೇಕ ವೀರಗಲ್ಲುಗಳು ಅರೆಬರೆ ಹೂತು ನಿಂತಿವೆ. ಕೆಳಹಂತ ಮಣ್ಣಿನಲ್ಲಿ ಮುಚ್ಚಿಹೋದರೆ ವೀರನು ಹೇಗೆ ಮಡಿದನೆಂಬ ಸಂಗತಿಯೇ ಕಾಣದಾಗುತ್ತದೆ. ನೆತ್ತಿ ಒಡೆದರೆ ಸೂರ್ಯಚಂದ್ರರ ಸಾಕ್ಷ್ಯ ಅಳಿಯುತ್ತದೆ. ಹಂತಗಳ ನಡುವಿನ ಪಟ್ಟಿಕೆಗಳಲ್ಲಿ ಅಕ್ಷರಗಳಿರುವುದುಂಟು. ಭಕ್ತಿಯಿಂದ ಬಳಿದ ಸುಣ್ಣ ಅಥವಾ ಎಣ್ಣೆಬಣ್ಣವು ಅವುಗಳನ್ನು ಮರೆಮಾಡಿದಾಗ ವೀರನ ಹೆಸರು ಮತ್ತು ತೇದಿ ಓದಲು ಸಿಗುವುದಿಲ್ಲ. ಮೂಲಸ್ಥಳದಿಂದ ಕಲ್ಲನ್ನು ಕಿತ್ತು ಬೇರೆಡೆ ನಿಲ್ಲಿಸಿದರೆ ಅದು ಯಾವ ಊರಿನ ಕಾಳಗದ ನೆನಪೆಂಬ ಸುಳಿವೂ ತಪ್ಪಿಹೋಗಬಹುದು.